ಬಿಲ್ಲೋ ಮಿಲ್ಲೋ

ಜೂನ್ ೫

ಅಮ್ಮನಿಗೆ,

ಈ ಕಾಗದ ನೋಡಿ ನಿನ್ನ ಹುಬ್ಬು ಮೇಲೆ ಹೋಗಿರುತ್ತದೆ, ನನಗೆ ಗೊತ್ತು. ನಾನು ಮನೆ ಬಿಟ್ಟು ವರ್ಷವಾಗುತ್ತಾ ಬಂತು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಒಂದೇ ಒಂದು ಸಲ ಎತ್ತಿ “ಯಾರು?” ಅಂದೆ, ನಾನಿನ್ನೂ ಮಾತಾಡುತ್ತಿರುವಾಗಲೇ ಇಟ್ಟುಬಿಟ್ಟೆ. ಅವತ್ತಿನಿಂದ ನಾನೂ ಹಟ ಹಿಡಿದು ಕೂತೆ. ಮೆಸೇಜು ಕಳಿಸಿದರೂ ಉತ್ತರವಿಲ್ಲ. ಮಿಲ್ಲಿನ ಕೆಲಸ ನನಗೆ ಬೇಡ ಎಂದದ್ದಕ್ಕೆ ಇಷ್ಟು ಉದ್ದದ ಸಿಟ್ಟೇ?

ಹಟ ಮುರಿದದ್ದು ಟಿವಿಯಿಂದ. ಮೊನ್ನೆ ಭಾನುವಾರ ‘ಕೊನೆಗುಳಿದವರು’ ಶುರುವಾಯಿತಲ್ಲ, ನೋಡಿದೆಯಾ? ಹತ್ತು ಮಂದಿಯನ್ನು ಕಾಡಿನಲ್ಲಿ ಬೇರೆ ಬೇರೆ ಕಡೆ ಒಬ್ಬೊಬ್ಬರನ್ನೇ ಇಳಿಸಿ, ಕೈಗೊಂದು ಕ್ಯಾಮೆರಾ ಕೊಟ್ಟು, ಹೆಲಿಕಾಪ್ಟರು ಹೊರಟುಹೋಯಿತು. ಊಟ ಅವರೇ ಹುಡುಕಿಕೊಳ್ಳಬೇಕು, ಚಿತ್ರವನ್ನೂ ಅವರೇ ತೆಗೆದುಕೊಳ್ಳಬೇಕು. ಎಲ್ಲರೂ ಸೋತು ಹೋದ ಮೇಲೆ ಉಳಿದವರು ಗೆದ್ದಂತೆ. ಅವರಲ್ಲೊಬ್ಬ ಬಡಗಿ ಮರದಡಿ ಕೂತು ಸುತ್ತ ನೋಡುತ್ತಿದ್ದ. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ “ಅಮ್ಮಾ, ಇವನು ಎಷ್ಟು ದಿನ ತಡೀತಾನೆ ಹೇಳು” ಅಂದೆ. ಪಕ್ಕದಲ್ಲಿದ್ದದ್ದು ಒಗೆದ ಬಟ್ಟೆಯ ರಾಶಿ.

ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಜನರ ಮೂಗಿಗೆ ಕನ್ನಡಕ ಕೂರಿಸಿ, ಕನ್ನಡಿ ಹಿಡಿದು, “ನಿಮಗೆ ತುಂಬಾ ಒಪ್ಪುತ್ತೆ” ಎಂದು ದಿನವಿಡೀ ಸುಳ್ಳು ಹೇಳುತ್ತೇನೆ.

ಕೇಳಬೇಕಾದದ್ದು ಒಂದೇ. ನಾನು ಮನೆಗೆ ಬರಬಹುದೋ ಬೇಡವೋ? ಅದನ್ನು ಬರೆಯಲು ಮನಸ್ಸಿಲ್ಲದಿದ್ದರೆ, ಕಾಡಿನಿಂದ ಮೊದಲು ಯಾರು ಓಡುತ್ತಾರೆ ಅದನ್ನಾದರೂ ಬರೆ.

ಉತ್ತರಕ್ಕೆ ಕಾಯುವ,
ಮಗಳು

ಜೂನ್ ೧೪

ಮಗಳಿಗೆ,

ಕಾಗದ ಸೇರಿತು. ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೆಯೇ ಇದೆ. ಮೆಸೇಜಿನ ವಿಷಯ: ಈ ಹಳೇ ಫೋನಿನಲ್ಲಿ ಅಕ್ಷರದ ಬದಲು ಬರೀ ಚೌಕ ಚೌಕ ಬರುತ್ತದೆ. ಫೋನ್ ಕಂಪನಿಯವರ ಕಾಟ ಎಂದುಕೊಂಡಿದ್ದೆ.

ಮೊದಲು ಓಡುವವನು ಆ ಪೈಲ್ವಾನ. ತೋಳು ನೋಡಿ ಮರುಳಾಗಬೇಡ. ಹೆಲಿಕಾಪ್ಟರು ಹೋದ ಮೇಲೂ ಅವನು ಆಕಾಶ ನೋಡುವುದನ್ನು ಬಿಡಲಿಲ್ಲ. ಇರುವವರು ನೆಲ ನೋಡುತ್ತಾರೆ. ನರ್ಸಮ್ಮ ಇಳಿದ ಕೂಡಲೇ ನೆಲ ನೋಡಿದಳು, ಬಗ್ಗಿ ಮಣ್ಣು ಮೂಸಿದಳು. ಅವಳು ಇರುತ್ತಾಳೆ.

ಬಾಬಿನಕ್ಕ ಪ್ರತಿ ಭಾನುವಾರ ಇಲ್ಲೇ ಬಂದು ಕೂರುತ್ತಾಳೆ. ನಿನಗೆ ನೆನಪಿದ್ದರೆ, ನನ್ನ ಮಗ್ಗದ ಎದುರು ಮಗ್ಗದವಳು. ಈಗಲೂ ಅವಳ ಜೇಬಿನಲ್ಲಿ ನೂಲು ಸುತ್ತುವ ಬಾಬಿನ್ನು ಇರುತ್ತದೆ, ಈಗಲೂ ಎಲ್ಲದಕ್ಕೂ ಅವಳದು ಎದುರು ಮಾತೇ. ಕೆಳಗಿನ ಮನೆಯವರು ಟಿವಿ ಸದ್ದು ಜಾಸ್ತಿಯಾಯಿತೆಂದು ಬಾಗಿಲು ಬಡಿದು ಬಡಿದು, ಕೊನೆಗೆ ಕಿಟಕಿಯಲ್ಲಿ ಇಣುಕಿ ಕೈಮುಗಿದರು. ಈಗ ಅವರಿಗೆ ಏನೂ ತೊಂದರೆ ಇಲ್ಲ.

ಆ ಗಡ್ಡದ ಮೇಷ್ಟ್ರನ್ನು ಯಾಕೆ ತೆಗೆದುಕೊಂಡರೋ! ಅವನು ಏನು ಹೇಳುತ್ತಾನೋ ತಲೆ ಬುಡ ತಿಳಿಯುವುದಿಲ್ಲ.

ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ನಿನ್ನ ಹತ್ತಿರವೇ ಇದೆ. ಹೋಗುವಾಗ ನೀನೇ ಹೇಳಿ ಹೋದೆಯಲ್ಲ.

ಅಮ್ಮ

ಜೂನ್ ೨೩

ಅಮ್ಮಾ,

ಪೈಲ್ವಾನ ಓಡಿಯೇಬಿಟ್ಟ! ಒಂದು ಕಪ್ಪೆ ಕಾಲ ಮೇಲೆ ಹಾರಿತು ಅಷ್ಟೇ. ನಮ್ಮ ಅಂಗಡಿಯಲ್ಲಿ ಗಾಜು ಉಜ್ಜುವ ಅಣ್ಣನ ಜೊತೆ ಪಂದ್ಯ ಕಟ್ಟಿದ್ದೆ, ಗೆದ್ದೆ. “ನಿಮ್ಮಮ್ಮ ಮುಂದಿನದನ್ನೂ ಬರೆದು ಕಳಿಸ್ಲಿ” ಎಂದು ಅವನು ಕಾಯುತ್ತಿದ್ದಾನೆ.

ಮೇಷ್ಟ್ರ ಮಾತು ನಿನಗೆ ತಿಳಿಯಲಿಲ್ಲ ಎಂದರೆ ನಂಬಲಾಗುತ್ತಿಲ್ಲ. ಅಂಗಡಿಗೆ ಬರುವ ಅರ್ಧ ಜನ ಆ ಧ್ವನಿಗೇ ಮಾರುಹೋಗಿದ್ದಾರೆ. ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಬಿಡಿಸಿ ಮಾತಾಡುತ್ತಾನೆ. ನನಗೆ ಮಾತ್ರ ಬಡಗಿಯೇ ಇಷ್ಟ. ನೆಗಡಿಯಾಗಿ ಮೂಗು ಸೊರಸೊರ ಅನ್ನುತ್ತಿದ್ದರೂ ಒಂದು ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಬಿಲ್ಲು ಕೆತ್ತುತ್ತಾನೆ. ಕೆಲಸ ಮಾಡುವವರ ಕೈ ನೋಡುವುದೇ ಒಂದು ಚೆಂದ. ಇದನ್ನು ನಿನ್ನಿಂದಲೇ ಕಲಿತೆ, ನೀನು ಹರಿದ ನೂಲಿಗೆ ಗಂಟು ಹಾಕುವುದನ್ನು ನೋಡಿ.

ಹೋಗುವಾಗ ನಾನು ಏನು ಹೇಳಿ ಹೋದೆ? ಎಷ್ಟು ತಲೆ ಕೆರೆದುಕೊಂಡರೂ ಒಂದೇ ನೆನಪಿಗೆ ಬರುತ್ತದೆ. ನೀನು ಮಿಲ್ಲಿನ ಮೇಸ್ತ್ರಿಯ ಹತ್ತಿರ ಮಾತಾಡಿ ನಿನ್ನ ಪಕ್ಕದ ಮಗ್ಗವನ್ನೇ ನನಗೆ ಕೊಡಿಸಿದ್ದೆ. ನಾನು “ಆ ಗದ್ದಲದಲ್ಲಿ ಕಿವಿ ಕಳ್ಕೊಂಡು ಕೂರೋಕೆ ನಂಗೇನು ಹುಚ್ಚಾ?” ಎಂದು ಕೂಗಿದೆ. ಅದೇನಾ? ಅದಾದರೆ ತಪ್ಪಾಯಿತು ಅಮ್ಮಾ. ಕೆಲಸ ಬೇಡ ಎನ್ನುವುದಕ್ಕೆ ಬೇರೆ ದಾರಿ ಇತ್ತು.

ಪ್ರೀತಿಯಿಂದ,
ಮಗಳು

ಜುಲೈ ೪

ಮಗಳಿಗೆ,

ಅದಲ್ಲ. ಅದು ಜಗಳದ ಮಾತು. ಜಗಳದ ಮಾತನ್ನೆಲ್ಲ ನೆನಪಿಟ್ಟುಕೊಳ್ಳಲು ಹೋದರೆ ಬಾಬಿನಕ್ಕನ ಜೊತೆ ನಾನು ಒಂದು ದಿನವೂ ಮಗ್ಗ ನಡೆಸಲು ಆಗುತ್ತಿರಲಿಲ್ಲ.

ನಿನ್ನ ಬಡಗಿ ನನಗೂ ಈಗ ಹಿಡಿಸಿದ. ಅವನೂ ನಮ್ಮವನೇ ಎಂದು ಗೊತ್ತೇ ಇರಲಿಲ್ಲ! ಮೊದಲು ಮಿಲ್ಲಿನಲ್ಲಿದ್ದನಂತೆ. ಈ ವಾರ ಕಲ್ಲಿನ ಮೇಲೆ ಕೂತು, “ಮಿಲ್ಲು ಹೋಯ್ತು, ಇನ್ನು ಹೊಟ್ಟೆಗೇನು ಮಾಡ್ಲಿ” ಅಂದ. ಎಲ್ಲೋ ಒಂದು ಮಿಲ್ಲು ಮುಚ್ಚಿದ್ದಕ್ಕೆ ಮನುಷ್ಯ ಕಾಡಿಗೆ ಬರಬೇಕಾಯಿತಲ್ಲ! ಆಮೇಲೆ ಕೈಯಲ್ಲಿದ್ದ ಕೋಲು ಬಿಸಾಡಿ ಬೈದ. ಏನು ಬೈದ ಎಂದು ಬರೆಯಲು ನನ್ನ ಕೈ ಬಾರದು. ಅವನ ಅತ್ತೆಗೆ ಸಂಬಂಧಪಟ್ಟದ್ದು. ಬಾಬಿನಕ್ಕ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು.

ನರ್ಸಮ್ಮ ಬೇರುಗಳನ್ನು ಕಲ್ಲಿನ ಮೇಲೆ ಉಜ್ಜಿ, ನಾಲಿಗೆಗೆ ತಾಗಿಸಿ, ಒಂದು ರಾತ್ರಿ ಕಾದು, ಆಮೇಲೆ ತಿಂದಳು. ಎಷ್ಟು ತಾಳ್ಮೆ! ಹಸಿದವರಿಗೆ ತಾಳ್ಮೆ ಇರುವುದು ಸುಲಭವಲ್ಲ.

ಉಳಿದ ಗಂಡಸರೆಲ್ಲ ಗಡ್ಡ ಬೆಳೆಸಿಕೊಂಡು ಕೂತಿದ್ದಾರೆ. ವಾರದಿಂದ ವಾರಕ್ಕೆ ಈ ಕಾರ್ಯಕ್ರಮ ನೋಡುವುದು ಕಷ್ಟವಾಗುತ್ತಿದೆ.

ನೆಗಡಿ ಅವನಿಗೆ, ಔಷಧಿ ನೀನು ತೆಗೆದುಕೋ. ಸೀನುವ ಜನರ ಮೂಗಿಗೇ ನಿನ್ನ ಕೆಲಸ.

ಅಮ್ಮ

ಜುಲೈ ೧೩

ಅಮ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಗಾಜು ಉಜ್ಜುವ ಅಣ್ಣನಿಗೂ ಓದಿ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಮಿಲ್ಲು? ಯಾವ ಮಿಲ್ಲು? ಅವನು ಅಂದದ್ದು ಬಿಲ್ಲು! ವಾರವಿಡೀ ಕೆತ್ತಿದ ಬಿಲ್ಲು ಎಳೆಯುವಾಗ ಲಟಕ್ಕೆಂದು ಮುರಿಯಿತು. “ಬಿಲ್ಲು ಹೋಯ್ತು, ಇನ್ನು ಹೊಟ್ಟೆಗೇನು ಮಾಡ್ಲಿ” ಅಂದ. ಅವನು ಬಿಸಾಡಿದ್ದು ಕೋಲಲ್ಲ, ಆ ಬಿಲ್ಲಿನ ತುಂಡು. ಅವನಪ್ಪನೂ ಬಡಗಿ, ಅಜ್ಜನೂ ಬಡಗಿ. ಮಿಲ್ಲಿನ ಬಾಗಿಲನ್ನೂ ಅವನು ಕಂಡಿರಲಾರ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆದರೆ ನಗು ನಿಂತ ಮೇಲೆ ಇನ್ನೊಂದು ಯೋಚನೆ ಬಂತು. ಅವನು ಬೈದಾಗ ಟಿವಿಯವರು ಪೀಂ ಎಂದು ಸದ್ದು ಹಾಕಿ ಮಾತನ್ನು ಮುಚ್ಚಿಬಿಟ್ಟಿದ್ದರು. ಇಲ್ಲಿ ಯಾರಿಗೂ ಅವನು ಏನು ಬೈದ ಎಂದು ಗೊತ್ತಿಲ್ಲ. ಅತ್ತೆಯ ವಿಷಯ ನಿನಗೆ ಹೇಗೆ ಗೊತ್ತಾಯಿತು? ಎಲ್ಲರಿಗೂ ಕೇಳಿಸಿದ್ದು ನಿನಗೆ ಕೇಳಿಸಿಲ್ಲ, ಯಾರಿಗೂ ಕೇಳಿಸದ್ದು ನಿನಗೆ ಕೇಳಿಸಿದೆ. ನೀನು ನೋಡುತ್ತಿರುವುದು ನಮ್ಮ ಕಾರ್ಯಕ್ರಮವನ್ನೇ ತಾನೇ?

ಜಗಳದ ಮಾತಲ್ಲದಿದ್ದರೆ ಇನ್ನೇನು ಹೇಳಿದೆ ನಾನು? ಸತಾಯಿಸಬೇಡ, ಹೇಳಿಬಿಡು. ಅದು ಗೊತ್ತಾಗದೆ ನನಗೆ ಮನೆ ಕಡೆ ಮುಖ ಹಾಕಲು ಧೈರ್ಯವಿಲ್ಲ.

ಕುತೂಹಲದಲ್ಲಿ ಬೇಯುತ್ತಿರುವ,
ಮಗಳು

ಜುಲೈ ೨೬

ಮಗಳಿಗೆ,

ಬಿಲ್ಲೋ ಮಿಲ್ಲೋ, ಒಟ್ಟಿನಲ್ಲಿ ಏನೋ ಮುರಿಯಿತು. ಅದಕ್ಕೆ ಊರಿಗೆಲ್ಲ ನನ್ನ ಕಾಗದ ಓದಿ ಹೇಳಬೇಕಿತ್ತೇ? ಟಿವಿ ಹಳೆಯದು. ಬೈಗುಳ ಊಹಿಸುವುದಕ್ಕೆ ದೊಡ್ಡ ವಿದ್ಯೆ ಬೇಡ. ಇನ್ನು ಮುಂದೆ ನೀನು ಬರೆದದ್ದನ್ನಷ್ಟೇ ಓದುತ್ತೇನೆ, ನಾನೇನೂ ಬರೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಈ ವಾರದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ನಿನ್ನ ಬಡಗಿ ಕಾಡು ಬಿಟ್ಟನಲ್ಲ! ಹೊಳೆಯ ದಂಡೆಯಲ್ಲಿ ಮಗುವಿನ ಹಾಗೆ ಅತ್ತ. “ಮಾನ ಹೋಯ್ತು, ಇದ್ದದ್ದೊಂದು ಮಾನ, ಅದೂ ನೀರು ಪಾಲಾಯ್ತು” ಅಂದ. ಅಷ್ಟು ಒಳ್ಳೆಯ ಮನುಷ್ಯ ಮಾನ ಹೋಗುವಂಥದ್ದು ಏನು ಮಾಡಿದ? ಅದನ್ನು ಯಾಕೆ ತೋರಿಸಲಿಲ್ಲ? ಬಾಬಿನಕ್ಕನೂ ನಾನೂ ಅವತ್ತೆಲ್ಲ ಅದನ್ನೇ ಯೋಚಿಸಿದೆವು. ಬೆತ್ತಲೆ ಈಜಿರಬಹುದು ಎಂದು ಅವಳು. ಛೇ, ಅಂಥವನಲ್ಲ ಎಂದು ನಾನು. ನಿನಗೇನಾದರೂ ಗೊತ್ತಿದ್ದರೆ ಬರೆ.

ನೀನು ಹೇಳಿ ಹೋದ ಮಾತನ್ನು ನನ್ನ ಕೈಯಿಂದ ಬರೆಸಬೇಡ. ನೀನು ಹೇಳಿದ್ದು ನನಗೆ ತಿಳಿಯಲಿಲ್ಲ ಎಂದು ನೀನು ಅಂದುಕೊಂಡಿರಬಹುದು. ನನಗೆ ತಿಳಿಯಿತು.

ಅಮ್ಮ

ಆಗಸ್ಟ್ ೩

ಅಮ್ಮಾ,

ಮಾನ ಅಲ್ಲ. ಬಾಣ. ಇದ್ದದ್ದೊಂದು ಕಬ್ಬಿಣದ ಮೊನೆಯ ಬಾಣ ಹೊಳೆಯಲ್ಲಿ ಕೊಚ್ಚಿಹೋಯಿತು. ಅವನ ಮಾನ ಅವನ ಹತ್ತಿರವೇ ಇದೆ.

ಈ ಸಲ ನನಗೆ ನಗು ಬರಲಿಲ್ಲ. ಬಿಲ್ಲು ಮಿಲ್ಲಾಯಿತು, ಬಾಣ ಮಾನವಾಯಿತು. ಎರಡರಲ್ಲೂ ‘ಬ’ ಹೋಗಿ ‘ಮ’ ಬಂದಿದೆ. ಕಿವಿಗೆ ಸರಿಯಾಗಿ ಬೀಳದಿದ್ದರೆ ಒಂದೊಂದು ಸಲ ಒಂದೊಂದು ತರಹ ತಪ್ಪಬೇಕು, ಹೀಗೆ ಅಚ್ಚು ಹಾಕಿದ ಹಾಗೆ ತಪ್ಪುವುದಿಲ್ಲ. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಕೌಂಟರಿನ ಕನ್ನಡಿ ತೆಗೆದುಕೊಂಡು ಸದ್ದು ಮಾಡದೆ ಬಿಲ್ಲು, ಮಿಲ್ಲು ಎಂದೆ. ಬಾಣ, ಮಾನ ಎಂದೆ. ತುಟಿ ಎರಡಕ್ಕೂ ಒಂದೇ ತರಹ ಮುಚ್ಚಿ ಒಂದೇ ತರಹ ತೆರೆಯಿತು! ಯಜಮಾನರು ಬಾಗಿಲಲ್ಲಿ ನಿಂತು, “ಏನಮ್ಮಾ, ಕನ್ನಡಿ ಜೊತೆ ಜಗಳವಾ?” ಎಂದರು.

ಆಗ ನೆನಪಾಯಿತು. ನಾನು ಚಿಕ್ಕವಳಿದ್ದಾಗ ನೀನೂ ಬಾಬಿನಕ್ಕನೂ ಅಂಗಳದ ಆಚೆ ಈಚೆ ನಿಂತು, ಗಂಟಲಿಂದ ಒಂದು ಸದ್ದೂ ಹೊರಡಿಸದೆ ಮೇಸ್ತ್ರಿಯನ್ನು ಆಡಿಕೊಳ್ಳುತ್ತಿದ್ದಿರಿ. ಆಗಾಗ ಮೂಗು ಮುಟ್ಟಿಕೊಳ್ಳುತ್ತಿದ್ದಿರಿ, ಹತ್ತಿಯ ಧೂಳು ಕಾಟ ಕೊಡುತ್ತಿರಬೇಕು ಎಂದುಕೊಂಡಿದ್ದೆ. ಮಗ್ಗದ ಗದ್ದಲದಲ್ಲಿ ಕೂಗಿದರೂ ಕೇಳಿಸುವುದಿಲ್ಲ, ಅದಕ್ಕೇ ಮಿಲ್ಲಿನವರೆಲ್ಲ ತುಟಿ ನೋಡಿಯೇ ಮಾತಾಡುವುದು ಎಂದು ನೀನೇ ಹೇಳಿದ್ದೆ. ಗಡ್ಡದ ಮೇಷ್ಟ್ರ ಮಾತು ತಿಳಿಯುವುದಿಲ್ಲ. ಪೀಂ ಹಾಕಿ ಮುಚ್ಚಿದ್ದು ತಿಳಿಯುತ್ತದೆ. ಬಾಗಿಲು ಬಡಿದದ್ದು ಕೇಳಿಸುವುದಿಲ್ಲ. ಫೋನು ಎತ್ತಿ ಇಟ್ಟುಬಿಡುತ್ತೀಯ.

ಅಮ್ಮಾ, ನಿನಗೆ ಕಿವಿ ಕೇಳಿಸುತ್ತದೆಯೇ?

ನಿನ್ನ,
ಮಗಳು

ಆಗಸ್ಟ್ ೨೫

ಅಮ್ಮಾ,

ಉತ್ತರವಿಲ್ಲ. ಅಂಚೆಯವನನ್ನು ಕಂಡರೆ ಅಂಗಡಿಯಿಂದ ಹೊರಗೆ ಓಡುತ್ತೇನೆ, ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಹಾಗೆ ನೇರವಾಗಿ ಕೇಳಿದ್ದು ತಪ್ಪಾಗಿದ್ದರೆ ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಕಾಡಿನ ಮಾತೇ ಆಡೋಣ.

ನರ್ಸಮ್ಮ ಹೊರಟುಹೋದಳು. ನೋಡಿದೆಯಲ್ಲ? ಮಳೆಗೆ ಕ್ಯಾಮೆರಾದ ಮೈಕು ಕೆಟ್ಟು ಅವಳ ಕೊನೆಯ ಚಿತ್ರಕ್ಕೆ ಸದ್ದೇ ಇಲ್ಲ. ನೆನೆದು ತೊಪ್ಪೆಯಾಗಿ, ಗುಡಿಸಲಿನ ಬಾಯಲ್ಲಿ ಕೂತು, ಮೂಗು ಒರೆಸಿಕೊಂಡು, ನೇರ ನಮ್ಮನ್ನೇ ನೋಡಿ ಒಂದು ಮಾತು ಹೇಳಿದಳು. ಆಮೇಲೆ ಕ್ಯಾಮೆರಾ ಆರಿಸಿದಳು. ಅವಳೇನಂದಳು ಎಂದು ಊಹಿಸಿ ಬರೆಯಿರಿ ಎಂದು ಟಿವಿಯವರು ಕರೆದಿದ್ದಾರೆ. ನಮ್ಮ ಅಂಗಡಿಯಲ್ಲಿ ಕನ್ನಡಕ ಕೊಳ್ಳುವವರು ಕಡಿಮೆಯಾಗಿ ವಾದ ಮಾಡುವವರು ಜಾಸ್ತಿಯಾಗಿದ್ದಾರೆ. ಗಾಜು ಉಜ್ಜುವ ಅಣ್ಣ “ಹಸಿವು” ಎಂದಳು ಅನ್ನುತ್ತಾನೆ. ಯಜಮಾನರ ಪ್ರಕಾರ “ಸಾಕು.”

ಯಾರಿಗೂ ಗೊತ್ತಾಗದ್ದು ನಿನಗೆ ಗೊತ್ತಾಗಿರುತ್ತದೆ. ಪಂದ್ಯಕ್ಕಲ್ಲ, ನನಗೆ ಬೇಕು. ಏನಂದಳು?

ಕಾಯುತ್ತಿರುವ,
ಮಗಳು

ಸೆಪ್ಟೆಂಬರ್ ೨

ಮಗಳಿಗೆ,

ಅವಳು “ಮರೀತೀನಿ” ಅಂದಳು.

ಅನುಮಾನ ಬೇಡ. ಆ ಮಾತು ತುಟಿಯ ಮೇಲೆ ಹೇಗೆ ಕಾಣುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಿನ್ನ ತುಟಿಯ ಮೇಲೆ ನೋಡಿದ್ದೇನೆ. ಬಸ್ಸಿನ ಗಾಜು ಮುಚ್ಚಿತ್ತು, ಇಂಜಿನ್ನು ಶುರುವಾಗಿತ್ತು. ನೀನು ನನ್ನನ್ನೇ ನೋಡಿ “ಮರೀತೀನಿ” ಅಂದೆ. ಗಾಜಿನಾಚೆಗೆ ಅಮ್ಮನಿಗೆ ಕೇಳಿಸುವುದಿಲ್ಲ ಎಂದುಕೊಂಡಿರಬೇಕು. ಕೇಳಿಸಲಿಲ್ಲ, ಕಾಣಿಸಿತು. ಹೇಳಿದ ಹಾಗೆ ಮಾಡಿದೆ ಕೂಡ. ಅಲ್ಲಿಂದ ಒಂದು ಸಾಲೂ ಬರಲಿಲ್ಲ. ಫೋನು ಬೆಳಗುತ್ತಿತ್ತು, ನಿಜ. ಯಾರದೆಂದು ನನಗೇನು ಗೊತ್ತು? ಎತ್ತಿದರೆ ಒಳಗೆ ಜೀರುಂಡೆ ಕೂಗಿದಂತೆ ಗುಯ್ ಎನ್ನುತ್ತಿತ್ತು, ಅಷ್ಟೇ.

ಹೌದು, ಕೇಳಿಸುವುದಿಲ್ಲ. ನೀನು ಹೋಗುವ ಮೊದಲೇ ಅರ್ಧ ಹೋಗಿತ್ತು, ಈಗ ಪೂರ್ತಿ ಹೋಗಿದೆ. ಬಾಬಿನಕ್ಕನದೂ ಅಷ್ಟೇ. ಟಿವಿಗೆ ಸದ್ದೇ ಹಾಕದೆ ಇಬ್ಬರೂ ಕೂತು ನೋಡುತ್ತೇವೆ. ಮಗ್ಗಕ್ಕೇನೂ ತೊಂದರೆಯಿಲ್ಲ, ನೂಲು ಹರಿದರೆ ಕಣ್ಣಿಗೆ ಕಾಣುತ್ತದೆ. ನಿನಗೆ ಹೇಳಲಿಲ್ಲ. ಹೇಗೆ ಹೇಳಲಿ? ನೀನು ಕೂಗಿದ್ದು ಅದನ್ನೇ ತಾನೇ, ಕಿವಿ ಕಳ್ಕೊಂಡು ಕೂರೋಕೆ ನಂಗೇನು ಹುಚ್ಚಾ ಎಂದು. ನಾನು ಆಗಲೇ ಕಳೆದುಕೊಂಡು ಕೂತಿದ್ದೆ. ನಿನ್ನ ಮಾತೇ ಸರಿ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನಿನ್ನನ್ನು ನನ್ನ ಪಕ್ಕದ ಮಗ್ಗಕ್ಕೆ ಕರೆದದ್ದೂ ಅದಕ್ಕೇ. ಮನೆಯಲ್ಲಿ ನೀನು ಮಾತಾಡಿದರೆ ಅರ್ಧ ತಿಳಿಯುತ್ತಿರಲಿಲ್ಲ. ನೀನು ಬೆನ್ನು ಹಾಕಿ ಮಾತಾಡುತ್ತೀಯ, ಪಾತ್ರೆ ತೊಳೆಯುತ್ತಾ ಮಾತಾಡುತ್ತೀಯ. ಮಿಲ್ಲಿಗೆ ಬಂದರೆ ನಮ್ಮ ಭಾಷೆ ಕಲಿಯುತ್ತೀಯ, ಎದುರು ನಿಂತು ಮಾತಾಡುತ್ತೀಯ ಎಂದು ಆಸೆಯಿತ್ತು. ಅದು ನನ್ನ ಸ್ವಾರ್ಥ. ನೀನು ಹೋದದ್ದು ಒಳ್ಳೆಯದಾಯಿತು.

ಮರೆಯುತ್ತೇನೆ ಎಂದವಳು ಮತ್ತೆ ಯಾಕೆ ಬರೆದೆ ಎಂದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಅಮ್ಮ

ಸೆಪ್ಟೆಂಬರ್ ೮

ಅಮ್ಮಾ, ಅಮ್ಮಾ, ಅಮ್ಮಾ,

ಬರೀತೀನಿ! ನಾನು ಅಂದದ್ದು “ಬರೀತೀನಿ”!

ಕನ್ನಡಿ ತೆಗೆದುಕೋ. ಬಚ್ಚಲುಮನೆಯದ್ದಾದರೂ ಸರಿ. ಅದರ ಮುಂದೆ ನಿಂತು “ಬರೀತೀನಿ” ಅನ್ನು. ಆಮೇಲೆ “ಮರೀತೀನಿ” ಅನ್ನು. ಬಿಲ್ಲು ಮಿಲ್ಲು ಆದದ್ದೂ ಹೀಗೇ, ಬಾಣ ಮಾನ ಆದದ್ದೂ ಹೀಗೇ. ನರ್ಸಮ್ಮ ಏನಂದಳೋ ಅವಳಿಗೇ ಗೊತ್ತು. ಆದರೆ ನಾನು ಏನಂದೆ ಎಂದು ನನಗೆ ಗೊತ್ತಿದೆ. ಗಾಜು ಇಳಿಸಲು ನೋಡಿದೆ, ಕಚ್ಚಿಕೊಂಡಿತ್ತು. ಜಗಳವಾಡಿ ಬಂದಿದ್ದೆನಲ್ಲ, ನೀನು ಬಸ್ ನಿಲ್ದಾಣಕ್ಕೆ ಬರುತ್ತೀಯ ಎಂದೇ ನಾನು ಅಂದುಕೊಂಡಿರಲಿಲ್ಲ. ಕಂಬದ ಪಕ್ಕ ನೀನು ಕೆಲಸದ ಸೀರೆಯಲ್ಲೇ, ತಲೆಯಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡು ನಿಂತಿದ್ದೆ. ಹೇಳಬೇಕಾದದ್ದು ನೂರಿತ್ತು, ಬಾಯಿಂದ ಹೊರಟದ್ದು ಅದೊಂದೇ.

ಆಮೇಲೆ ಬರೆಯಲಿಲ್ಲ, ಅದು ನಿಜ. ಫೋನಿರುವಾಗ ಕಾಗದವೇಕೆ ಎಂದು ಫೋನು ಮಾಡಿದೆ. ನೀನು ಇಟ್ಟುಬಿಟ್ಟೆ. ನನ್ನ ಮೇಲೆ ಸಿಟ್ಟು ಎಂದು ನಾನು, ನನ್ನನ್ನು ಮರೆತಳು ಎಂದು ನೀನು. ನಿನ್ನ ಫೋನಿನೊಳಗೆ ಗುಯ್ ಎನ್ನುತ್ತಿದ್ದ ಆ ಜೀರುಂಡೆ ನಾನೇ!

ಮಗ್ಗದ ವಿಷಯವನ್ನೂ ಓದಿದೆ. ಇನ್ನು ಮೇಲೆ ನಿನಗೆ ಬೆನ್ನು ಹಾಕಿ ಮಾತಾಡುವುದಿಲ್ಲ. ಪಾತ್ರೆ ಬೇಕಾದರೆ ಹಾಗೇ ಬಿದ್ದಿರಲಿ.

ಬರೆಯುತ್ತಲೇ ಇರುವ,
ಮಗಳು

ಸೆಪ್ಟೆಂಬರ್ ೧೭

ಮಗಳಿಗೆ,

ಕನ್ನಡಿಯ ಕಥೆ ನನಗೆ ಹೇಳಬೇಡ. ‘ಬ’, ‘ಮ’ ತುಟಿಯಲ್ಲಿ ಒಂದೇ ತರಹ ಕಾಣುತ್ತದೆ ಎನ್ನುವುದನ್ನು ಮಿಲ್ಲಿಗೆ ಸೇರಿದ ಮೊದಲ ವಾರವೇ ಕಲಿಸುತ್ತಾರೆ. ಅದಕ್ಕೇ ನಮ್ಮಲ್ಲೊಂದು ಗುರುತಿದೆ. ‘ಮ’ ಬಂದಾಗ ಮೂಗು ಮುಟ್ಟಬೇಕು. ‘ಮ’ ಎಂದರೆ ಮೂಗು ಗುಂಯ್ ಎನ್ನುತ್ತದಲ್ಲ, ಅದಕ್ಕೆ. ಮೂಗು ಮುಟ್ಟಿದರೆ ಮಾವ, ಮುಟ್ಟದಿದ್ದರೆ ಬಾವ. ಈ ಗುರುತಿಲ್ಲದೆ ಎಷ್ಟು ಮನೆಗಳಲ್ಲಿ ಬೆಂಕಿ ಬೀಳುತ್ತಿತ್ತೋ! ನಮ್ಮದು ಹತ್ತಿಯ ಧೂಳಿನ ಕಾಟವಲ್ಲ, ದಡ್ಡಿ.

ಬಡಗಿ ಬಿಲ್ಲು ಎನ್ನುವಾಗಲೂ ಬಾಣ ಎನ್ನುವಾಗಲೂ ಮೂಗಿಗೆ ಕೈ ಹಾಕಿದ. ಹೊರಗಿನವನು, ನೆಗಡಿಯವನು ಎಂದು ನಾನು ಯೋಚಿಸಬೇಕಿತ್ತು. ಆದರೆ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ, ಮೂಗು ಮುಟ್ಟಿದವರನ್ನೆಲ್ಲ ಅದು ಮಿಲ್ಲಿನವರೆಂದೇ ಓದುತ್ತದೆ. ಅವನ ವಿಷಯದಲ್ಲಿ ಸೋತೆ, ಒಪ್ಪಿದೆ. ನರ್ಸಮ್ಮನ ವಿಷಯದಲ್ಲೂ ಬೇಕಾದರೆ ಸೋಲುತ್ತೇನೆ, ಅವಳು ಮಳೆಯಲ್ಲಿ ನೆನೆದಿದ್ದಳು.

ಆದರೆ ನಿನಗೇನಾಗಿತ್ತು? ಮಳೆಯಿರಲಿಲ್ಲ, ನೆಗಡಿಯೂ ಇರಲಿಲ್ಲ. ಬೆಳಿ​ಗ್ಗೆ ಚೆನ್ನಾಗಿಯೇ ಇದ್ದೆ, ಗಂಟಲು ಬಿಟ್ಟು ಜಗಳವಾಡಿದೆ. ಅದೇ ನೀನು ಬಸ್ಸಿನಲ್ಲಿ ಆ ಮಾತು ಹೇಳುವಾಗ ಮೂಗಿಗೆ ಕೈ ಒತ್ತಿದೆ. ನಾನು ಕಣ್ಣಾರೆ ನೋಡಿದ್ದೇನೆ. ಚಿಕ್ಕಂದಿನಿಂದ ನಮ್ಮನ್ನು ನೋಡಿ ಕಲಿತಿದ್ದಾಳೆ, ನನಗೆ ಸರಿಯಾಗಿ ತಿಳಿಯಲಿ ಎಂದೇ ಗುರುತು ಸಮೇತ ಹೇಳುತ್ತಿದ್ದಾಳೆ ಎಂದುಕೊಂಡೆ. ಅದೇ ನನಗೆ ಹೆಚ್ಚು ನೋವಾದದ್ದು.

ಈಗ ನನ್ನ ಸಮಾಧಾನಕ್ಕೆ ಮಾತು ತಿರುಗಿಸಬೇಡ. ನಿಜ ಹೇಳಿದರೆ ತಡೆದುಕೊಳ್ಳುತ್ತೇನೆ.

ಅಮ್ಮ

ಸೆಪ್ಟೆಂಬರ್ ೨೨

ಅಮ್ಮಾ,

ನಾನು ಅಳುತ್ತಿದ್ದೆ.

ಅಳುವಾಗ ನನಗೆ ಕಣ್ಣಿಗಿಂತ ಮೊದಲು ಮೂಗು ಸೋರುತ್ತದೆ. ನೀನೇ ಹೇಳುತ್ತಿದ್ದೆ, ನಮ್ಮ ಮನೆಯ ನಲ್ಲಿ ಅಡುಗೆಮನೆಯಲ್ಲಿಲ್ಲ, ಇವಳ ಮೂಗಿನಲ್ಲಿದೆ ಎಂದು. ನೀನು ನೋಡಬಾರದು ಎಂದು ಕಣ್ಣೀರು ತಡೆದುಕೊಂಡೆ. ಮೂಗು ಮಾತು ಕೇಳಲಿಲ್ಲ. ಕೈಯಲ್ಲಿ ಒರೆಸಿಕೊಂಡೆ. ಅಷ್ಟೇ ಅಮ್ಮಾ.

ಮುಂದಿನ ಭಾನುವಾರ ಕೊನೆಯ ಕಂತು. ಅದನ್ನು ನೀವಿಬ್ಬರೂ ನೋಡಿಬಿಡಿ, ಅಂಗಡಿಯಲ್ಲಿ ಅವತ್ತು ರಜೆ ಸಿಗುವುದಿಲ್ಲ. ಅದರ ಮುಂದಿನ ವಾರಕ್ಕೆ ರಜೆ ಕೇಳಿದ್ದೇನೆ. ಮೊದಲ ಕಾಗದದಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ನಾನು ಮನೆಗೆ ಬರಬಹುದೋ ಬೇಡವೋ?

ಮಗಳು

ಅಕ್ಟೋಬರ್ ೧

ನನ್ನ ವಟವಟಿಗೆ,

ಕಾಗದವನ್ನು ಬಾಬಿನಕ್ಕನಿಗೂ ತೋರಿಸಿದೆ. ಅವಳು ಓದಿ, ನನ್ನ ಕಡೆ ತಿರುಗಿ, ಮೂಗು ಮುಟ್ಟದೆ, ನಿಧಾನವಾಗಿ ಒಂದು ಬೈಗುಳ ಬೈದಳು. ನನಗೆ ಅದು ಬರಲೇಬೇಕಿತ್ತು. ಆಮೇಲೆ ಇಬ್ಬರೂ ಕೂತು ಅತ್ತೆವು, ಇಬ್ಬರ ಮೂಗೂ ಸೋರಿತು. ಇಷ್ಟು ದಿನ ನಾನು ಮಾನ ಹೋಯಿತು ಎಂದು ಕೂತಿದ್ದೆ ಮಗಳೇ, ಹೋದದ್ದು ಬರೀ ಬಾಣ.

ಕೊನೆಯ ಕಂತು ನೋಡಿದೆವು. ಗೆದ್ದದ್ದು ಗಡ್ಡದ ಮೇಷ್ಟ್ರು! ವೇದಿಕೆಗೆ ಗಡ್ಡ ಬೋಳಿಸಿಕೊಂಡು ಬಂದಿದ್ದ. ಮೊದಲ ಸಲ ಅವನ ಮಾತು ನನಗೆ ಕಂಡಿತು. ಒಳ್ಳೆಯ ಮನುಷ್ಯ, ಸುಮ್ಮನೆ ಬೈದುಕೊಂಡೆ. ನರ್ಸಮ್ಮನನ್ನು ಎಲ್ಲರೂ ಸುತ್ತುವರಿದು “ಅವತ್ತು ಏನಂದ್ರಿ?” ಎಂದು ಕೇಳಿದರು. ಅವಳು ನಕ್ಕು, “ಅದು ನನ್ನ ಗುಡಿಸಲಿಗೆ ಹೇಳಿದ ಮಾತು, ನಿಮಗಲ್ಲ” ಅಂದಳು. ಹೇಳಲೇ ಇಲ್ಲ. ನನಗೆ ಅವಳು ಇನ್ನೂ ಇಷ್ಟವಾದಳು.

ಕಿವಿಗೆ ಹಾಕುವ ಯಂತ್ರ ಎಂದು ನೀನು ಬಾಯಿ ತೆಗೆಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬಂದ ಮೇಲೆ ನೋಡೋಣ. ನೀನು ಹೇಳುವುದನ್ನು ಎದುರು ಕೂತು ಹೇಳಿದರೆ ಸಾಕು.

ಬರಬಹುದೋ ಬೇಡವೋ ಎಂದು ಇನ್ನೊಂದು ಸಲ ಕೇಳಿದರೆ ಬಾಬಿನಕ್ಕನಿಂದ ಬೈಸುತ್ತೇನೆ. ಬಾ. ಅವತ್ತು ನಿಂತಿದ್ದ ಕಂಬದ ಪಕ್ಕದಲ್ಲೇ ನಿಂತಿರುತ್ತೇನೆ. ಬಸ್ಸಿಳಿದು ಅಳು ಬಂದರೆ ಅತ್ತುಬಿಡು, ತಡೆಯಬೇಡ. ಮೂಗಿಗೆ ಮಾತ್ರ ಕೈ ಹಾಕಬೇಡ. ಅದನ್ನು ನಾನು ಒರೆಸುತ್ತೇನೆ.

ನಿನ್ನ,
ಅಮ್ಮ